ಎರಡನೇ ಬೆಡ್ಡಿನ ಕೆನೆ

ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ಒಳ್ಳೆಯ ಹುಡುಗ ಅಂದುಕೊಂಡು ಯಾರೂ ಕೊನೆತನಕ ಓದುವುದು ಬೇಡ. ಒಂದು ಫೋನ್ ಕರೆಯಿಂದ ನಾನು ಎಣಿಕೆಗೆ ಸಿಗದಷ್ಟು ಜೀವಗಳನ್ನು ಕೊಂದಿದ್ದೇನೆ, ಜೊತೆಗೆ ಒಬ್ಬ ಮನುಷ್ಯನ ಕೆಲಸವನ್ನೂ ಕಳೆದಿದ್ದೇನೆ. ಕರೆ ನಲವತ್ತು ಸೆಕೆಂಡಿನದು. ಮಾತಾಡಿದ್ದು ನಾನು, ದನಿ ಮಾತ್ರ ನಮ್ಮ ಎಸ್ಟೇಟ್ ಆಫೀಸರದು. ನನ್ನ ಸ್ವಂತ ದನಿಗೆ ಅಷ್ಟೆಲ್ಲ ಧೈರ್ಯವಿಲ್ಲ.

ಮಿಮಿಕ್ರಿ ನನಗೆ ಹುಟ್ಟಿನಿಂದ ಬಂದ ಚಟ. ಅಮ್ಮ ಹೇಳುವ ಪ್ರಕಾರ ನಾನು ಸರಿಯಾಗಿ ಮಾತು ಕಲಿಯುವ ಮೊದಲೇ ಕುಕ್ಕರ್ ಸೀಟಿ ಕಲಿತಿದ್ದೆ. ಮೂರು ಸಲ ಕೂಗಿ ಅವಳನ್ನು ಅಡುಗೆಮನೆಗೆ ಓಡಿಸುತ್ತಿದ್ದೆ. ಅಪ್ಪ ಪೀಣ್ಯದ ಪಕ್ಕದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು, ನಾವಿದ್ದದ್ದು ಅದರ ಕಾಲೊನಿಯಲ್ಲಿ. ಹಾಲಿನವನಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಅಲ್ಲಿ ನನ್ನ ಬಾಯಿಂದ ತಪ್ಪಿಸಿಕೊಂಡವರಿಲ್ಲ. ಕನ್ನಡಿ ಮುಂದೆ ನಿಂತು ನನ್ನನ್ನೂ ಅಣಕಿಸಿ ನೋಡಿದ್ದೆ. ಅದೊಂದು ಮಾತ್ರ ಯಾಕೋ ಸರಿಯಾಗಿ ಬರಲಿಲ್ಲ.

ಈಗ ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಹೋದ ತಿಂಗಳು ಅಲ್ಲಿ ಸಂಪು ತೊಳೆದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಸಂಪಿನ ಬಾಯಿಯ ಹತ್ತಿರ ಬಗ್ಗಿದೆ ಅಷ್ಟೇ, ಬ್ಲೀಚಿಂಗ್ ಪೌಡರಿನ ಘಾಟು ನೇರ ಗಂಟಲಿಗೆ ಬಂತು. ಒಳಗೆ ಇಳಿದಿದ್ದವನು ಪೊರಕೆ ನಿಲ್ಲಿಸಿ, "ಏನ್ ಸಾರ್, ಮುಖ ಹಿಂಗಾಯ್ತು" ಎಂದ. "ಪೌಡರ್ ಜಾಸ್ತಿ ಆಯ್ತು ಗುರು" ಅಂದೆ. ಅವನು ನಕ್ಕು, "ಇದೇ ಕಮ್ಮಿ ಸಾರ್, ಒಂದು ಹುಳ ಇರಬಾರದು ಅಂದವ್ರೆ" ಎಂದ. ಅಷ್ಟು ಸಾಕಾಯಿತು. ನಾಲ್ಕು ವರ್ಷ ಹಿಂದಿನ ಮಳೆಗಾಲ ಪೂರ್ತಿ ಎದ್ದು ಬಂದು ನನ್ನ ಪಕ್ಕ ನಿಂತಿತು.

ಅದರ ಹಿಂದಿನ ವರ್ಷ ನಾನು ಬಿ.ಎಸ್ಸಿ. ಮುಗಿಸಿದ್ದೆ. ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡಿ ಬದುಕುತ್ತೇನೆ ಅಂದಿದ್ದಕ್ಕೆ ಅಪ್ಪ, "ಗಣೇಶ ವರ್ಷಕ್ಕೆ ಒಂದೇ ಸಲ ಬರೋದು ಕಣೋ" ಅಂದವರು, ನನ್ನನ್ನು ಕಾಲೊನಿಯ ನೀರಿನ ಮನೆಗೆ ಲ್ಯಾಬ್ ಸಹಾಯಕನಾಗಿ ಸೇರಿಸಿದರು. ಲ್ಯಾಬ್ ಅಂದರೆ ಒಂದು ಕೋಣೆ, ಒಂದು ಸಿಂಕು, ಒಂದು ಇಂಟರ್‌ಕಾಮ್. ದಿನಾ ಪುಟ್ಟ ಬಾಟಲಿಗಳಿಗೆ ನಲ್ಲಿನೀರು ತುಂಬಿಸಿ ಇಡುವುದು, ಮಾರನೆಯ ದಿನ ನೋಡುವುದು. ಬಾಟಲಿ ಕಪ್ಪಾದರೆ ನೀರು ಕೆಟ್ಟಿದೆ, ಆಗದಿದ್ದರೆ ಚೆನ್ನಾಗಿದೆ. ಆ ವರ್ಷದ ಗಣೇಶನ ಹಬ್ಬದವರೆಗೆ ನನ್ನ ಕಾಲದಲ್ಲಿ ಒಂದೂ ಕಪ್ಪಾಗಿರಲಿಲ್ಲ. ಅದರ ಹೆಸರು ನನಗೆ ಬರುತ್ತಿತ್ತು, ಕೆಲಸ ಪಿಳ್ಳಪ್ಪನದು.

ಪಿಳ್ಳಪ್ಪ ನೀರಿನ ಮನೆಯ ಆಪರೇಟರ್. ಕಾರ್ಖಾನೆಗೆ ಜಮೀನು ಕೊಟ್ಟ ಮನೆತನದವನು. ಅವರ ರಾಗಿಹೊಲ ಇದ್ದ ಕಡೆ ಈಗ ಸ್ಕೂಟರ್ ಸ್ಟ್ಯಾಂಡ್. ಇಪ್ಪತ್ತಾರು ವರ್ಷದಿಂದ ಅಲ್ಲೇ ಗುತ್ತಿಗೆ ಕೆಲಸ. ಕಾಲೊನಿಯ ಹಿಂದಿದ್ದ ಹಳೇ ಕಲ್ಲುಕ್ವಾರಿಯ ಹೊಂಡದಿಂದ ನೀರು ಬಂದು ಎರಡು ದೊಡ್ಡ ತೊಟ್ಟಿಗಳಲ್ಲಿ ನಿಲ್ಲುತ್ತಿತ್ತು. ತೊಟ್ಟಿಯ ತಳದಲ್ಲಿ ಆಳೆತ್ತರ ಮರಳು. ಅದನ್ನೇ ಬೆಡ್ ಅನ್ನುತ್ತಿದ್ದುದು. ನೀರು ಅವಸರವಿಲ್ಲದೆ ಮರಳಿನೊಳಗೆ ಇಳಿದು, ಕೆಳಗಿನ ಪೈಪಿನಿಂದ ತಿಳಿಯಾಗಿ ಹೊರಬರುತ್ತಿತ್ತು. ಮರಳಿನ ಮೇಲೆ ಕಂದು-ಹಸಿರು ಬಣ್ಣದ ಲೋಳೆಯ ಪದರವೊಂದು ಕಟ್ಟಿಕೊಂಡಿರುತ್ತಿತ್ತು. ಪಿಳ್ಳಪ್ಪ ಅದನ್ನು ಕೆನೆ ಅನ್ನುತ್ತಿದ್ದ.

ನಾನು ಸೇರಿದ ಮೊದಲ ದಿನ ಮೂಗು ಮುಚ್ಚಿಕೊಂಡು, "ಏನ್ ಪಿಳ್ಳಣ್ಣ, ಈ ಕೊಚ್ಚೆ ಮೇಲಿಂದ ಬಂದ ನೀರನ್ನಾ ನಾನು ಹುಟ್ಟಿದಾಗಿನಿಂದ ಕುಡಿದಿದ್ದು?" ಅಂದಿದ್ದೆ.

"ಕೊಚ್ಚೆ ಅಲ್ಲ ಕಣಪ್ಪ, ಕೆನೆ. ನೀರು ತೊಳ್ಯಾದು ಮರಳಲ್ಲ, ಇದು. ಇದುಕ್ಕೆ ಜೀವ ಐತೆ. ನೀನು ಇಷ್ಟು ದಪ್ಪ ಆಗಿರಾದು ಇದ್ರಿಂದ್ಲೇ."

ಕೆನೆ ದಪ್ಪವಾಗಿ ನೀರು ಇಳಿಯದಂತಾದರೆ ಅವನು ಒಂದು ಬೆಡ್ ಖಾಲಿ ಮಾಡಿ, ಬರಿಗಾಲಲ್ಲಿ ಇಳಿದು, ಮೇಲಿನ ಒಂದಂಗುಲವನ್ನು ಸನಿಕೆಯಿಂದ ಕೆರೆದು ತೆಗೆಯುತ್ತಿದ್ದ. ಆಮೇಲೆ ಪಕ್ಕದ ಬೆಡ್ಡಿನಿಂದ ಒಂದು ಬಾಂಡ್ಲಿ ಲೋಳೆಮರಳು ತಂದು, ಬೀಜ ಎರಚುವ ಹಾಗೆ ಎರಚುತ್ತಿದ್ದ. ಅದು ಹೆಪ್ಪು. "ಒಂದು ಮಲಗಿದ್ರೆ ಇನ್ನೊಂದು ಎದ್ದಿರ್ಬೇಕು. ಹೆಪ್ಪಿಲ್ದಂಗೆ ಮಾತ್ರ ಮಾಡ್ಬಾರ್ದು." ಇದನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ಮನೆಯಲ್ಲಿ ಮೊಸರು ಮಾಡುವುದನ್ನು ನೋಡಿ ತಾನೇ ಕಂಡುಕೊಂಡಿದ್ದ.

ಮೇ ತಿಂಗಳಲ್ಲಿ ನೀಲಾ ಮೇಡಂ ಬಂದರು. ಬಾಗಲಕೋಟೆ ಕಡೆಯವರು, ಪಿಎಚ್.ಡಿ. ಮಾಡುತ್ತಿದ್ದರು. ಹೆಗಲಿಗೆ ಐಸ್ ಪೆಟ್ಟಿಗೆ, ಕೈಯಲ್ಲಿ ಉದ್ದನೆಯ ಸ್ಟೀಲ್ ಕೊಳವೆ. ಅದನ್ನು ಮರಳಿಗೆ ಚುಚ್ಚಿ, ಮೇಲಿನಿಂದ ತಳದವರೆಗಿನ ಮರಳನ್ನು ಕಂಬದ ಹಾಗೆ ಎತ್ತುತ್ತಿದ್ದರು. ಕುಡಿಯುವ ನೀರಿನ ಇಂಥ ತೊಟ್ಟಿಗಳಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಬದುಕಿವೆ ಎಂದು ಹುಡುಕುವುದು ಅವರ ಕೆಲಸ. ನಾನು ನನ್ನ ಬಾಟಲಿಗಳನ್ನು ಹೆಮ್ಮೆಯಿಂದ ತೋರಿಸಿ, "ನಮ್ಮಲ್ಲಿ ಯಾವುದೂ ಇಲ್ಲ ಮೇಡಂ" ಅಂದೆ.

"ನೀವೆಲ್ಲಾ ಕೆಟ್ಟವರು ಬಂದಾರೇನು ಅಂತಷ್ಟ ನೋಡ್ತೀರಿ" ಅಂದರು. "ಮನ್ಯಾಗ ಯಾರ ಅದಾರ ಅಂತ ಯಾರೂ ಕೇಳಂಗಿಲ್ಲ. ನಾ ಅದನ್ನ ಕೇಳಾಕ ಬಂದೀನಿ."

ಅವರು ಪಿಳ್ಳಪ್ಪನನ್ನು ಮೊದಲ ದಿನದಿಂದಲೇ ಕಾಕಾ ಅಂದರು. ಎಸ್ಟೇಟ್ ಆಫೀಸರ್ ರಂಗನಾಥ್ ಸಾರ್ ಕರೆಯುತ್ತಿದ್ದುದು "ಏಯ್ ಪಿಳ್ಳ" ಎಂದು. ನಾನು ಇಬ್ಬರ ದನಿಯಲ್ಲೂ ಅವನನ್ನು ಕರೆದು ರೇಗಿಸುತ್ತಿದ್ದೆ. ಪಿಳ್ಳಪ್ಪನ ಎದುರೇ ಪಿಳ್ಳಪ್ಪನ ಹಾಗೆ ಮಾತಾಡಿದರೆ ಅವನು ಬೀಡಿ ಹಚ್ಚಿಕೊಂಡು, "ನಂಗಿಂತ ನೀನೇ ಚೆನ್ನಾಗಿ ಪಿಳ್ಳಪ್ಪ ಆಗ್ತೀಯ, ನಾಳೆಯಿಂದ ಸನಿಕೆನೂ ನೀನೇ ಇಡ್ಕೋ" ಅನ್ನುತ್ತಿದ್ದ.

ಜೂನಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಕ್ವಾರಿಯ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊದಲನೇ ಬೆಡ್ಡಿನ ಗೋಡೆ ಬಿರುಕು ಬಿಟ್ಟು, ರಿಪೇರಿಗೆಂದು ಮರಳನ್ನೆಲ್ಲ ಹೊರಗೆ ಹಾಕಿದರು. ಅದು ಮಳೆಯಲ್ಲಿ ತೊಳೆದುಹೋಗಿ, ನಡುನಡುವೆ ಬಿದ್ದ ಬಿಸಿಲಿಗೆ ಒಣಗಿ ಬರೀ ಮರಳಾಯಿತು. ಇಡೀ ಕಾಲೊನಿಗೆ ಎರಡನೇ ಬೆಡ್ಡೊಂದೇ ಉಳಿಯಿತು. ಅಷ್ಟು ಕೆಂಪು ನೀರು ಮೇಲೆ ನಿಂತಿದ್ದರೂ ಕೆಳಗೆ ತಿಳಿನೀರೇ ಬರುತ್ತಿತ್ತು. ಪಿಳ್ಳಪ್ಪ ದಿನಕ್ಕೆ ಹತ್ತು ಸಲ ಹೋಗಿ, ಬಾಣಂತಿ ಮಲಗಿದ ಕೋಣೆಯನ್ನು ಇಣುಕಿದ ಹಾಗೆ ಇಣುಕಿ ಬರುತ್ತಿದ್ದ.

ಆಗಸ್ಟಿನಲ್ಲಿ ನೀಲಾ ಮೇಡಂ ಲ್ಯಾಪ್‌ಟಾಪ್ ತಂದು ಪಂಪ್ ಹೌಸಿನ ಕಟ್ಟೆಯ ಮೇಲೆ ತೆರೆದರು. ಎರಡನೇ ಬೆಡ್ಡಿನ ಮರಳಲ್ಲಿ ಸಿಕ್ಕಿದವರ ಪಟ್ಟಿ ಬಣ್ಣಬಣ್ಣದ ಪಟ್ಟೆಗಳಾಗಿ ಕಾಣುತ್ತಿತ್ತು. ಹೆಸರು ಗೊತ್ತಿದ್ದವಕ್ಕೆ ಒಂದೊಂದು ಬಣ್ಣ. ಯಾವ ಪುಸ್ತಕದಲ್ಲೂ ಹೆಸರಿಲ್ಲದವಕ್ಕೆ ಬೂದು. ಮೇಲಿನಿಂದ ಕೆಳಕ್ಕೆ ಹೋದಂತೆ ಬಣ್ಣ ಕಮ್ಮಿಯಾಗುತ್ತ, ಆಳದ ಮರಳಿನಲ್ಲಿ ಹೆಚ್ಚುಪಾಲು ಬೂದುಬಣ್ಣವೇ ಇತ್ತು.

"ಇವು ಯಾರು ಮೇಡಂ?" ಅಂದೆ.

"ಗೊತ್ತಿಲ್ಲಪಾ. ಇಷ್ಟು ವರ್ಷ ಈ ಕಾಲೊನಿ ನೀರು ಕಾದವರು. ಇನ್ನೊಮ್ಮೆ ಮರಳು ತಗದು ನೋಡಿ, ಆವಾಗೂ ಕಂಡ್ರ, ಅದಾವು ಅಂತ ಬರೀಬಹುದು. ಒಮ್ಮೆ ಕಂಡದ್ದನ್ನ ಕಂಡೀನಿ ಅನ್ನಾಕ ಬರಂಗಿಲ್ಲ. ಗಣೇಶನ ಹಬ್ಬ ಮುಗದ ಮ್ಯಾಲೆ ಮಂಗಳವಾರ ಬರ್ತೀನಿ."

ಪಿಳ್ಳಪ್ಪ ಪರದೆಯ ಬೂದುಪಟ್ಟೆಯನ್ನು ತುಂಬ ಹೊತ್ತು ನೋಡಿ, "ಎಸ್ರಿಲ್ದೋರೇ ತಾನೆ ಮೇಡಂ ಕೆಲ್ಸ ಮಾಡಾದು" ಎಂದ. ನಾನು ಅದನ್ನೂ ತಕ್ಷಣ ಅವನ ದನಿಯಲ್ಲೇ ಒಪ್ಪಿಸಿದೆ. ಮೇಡಂ ನಗಲಿಲ್ಲ.

ಈಗ ಆ ಕರೆ ಮಾಡಿದ ಶುಕ್ರವಾರಕ್ಕೆ ಬರುತ್ತೇನೆ. ಶನಿವಾರ, ಭಾನುವಾರ ಎರಡು ದಿನ ಅತ್ತಿಬೆಲೆಯ ಗಣೇಶನ ಪೆಂಡಾಲಿನಲ್ಲಿ ನನ್ನ ಕಾರ್ಯಕ್ರಮವಿತ್ತು. ಹೊಸ ಸರಕು ಬೇಕಿತ್ತು. ನನ್ನ ಹತ್ತಿರ ಪಿಳ್ಳಪ್ಪನ ನಗು ಇತ್ತು, ಕೆಮ್ಮು ಇತ್ತು, ಬುದ್ಧಿಮಾತು ಇತ್ತು. ಸಿಟ್ಟು ಮಾತ್ರ ಇರಲಿಲ್ಲ. ಅವನ ಸಿಟ್ಟು ಕೇಳಬೇಕಾದರೆ ಕೆನೆಯ ಸುದ್ದಿಗೆ ಹೋಗಬೇಕು ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಬೆಡ್ಡಿನೊಳಗೆ ಪ್ಲಾಸ್ಟಿಕ್ ಬಕೆಟ್ ಬೀಳಿಸಿದ ಗಾರೆಯವನ ವಂಶವನ್ನೇ ಅವನು ಜಾಲಾಡಿದ್ದನಂತೆ. ನಾನು ಆ ದಿನ ರಜೆಯಲ್ಲಿದ್ದೆ.

ನೀರಿನ ಮನೆಯಲ್ಲಿ ಒಂದು ಪದ್ಧತಿ. ಮೊಬೈಲಿನಲ್ಲಿ ಬಂದದ್ದು ಸುದ್ದಿ, ಇಂಟರ್‌ಕಾಮಿನಲ್ಲಿ ಬಂದದ್ದು ಆರ್ಡರ್. ಕಾರ್ಖಾನೆ ಕಟ್ಟಿದಾಗಿನ ಕಪ್ಪು ಫೋನುಗಳು ಅವು, ಯಾರು ಎಲ್ಲಿಂದ ಮಾಡಿದರೆಂದು ತೋರಿಸುವ ಪರದೆ ಇಲ್ಲ. ದನಿಯೇ ಸಹಿ. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಪಂಪ್ ಹೌಸಿನ ನಂಬರ್ ತಿರುಗಿಸಿದೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ರಿಸೀವರಿಗೆ ತಾಗಿಸಿ ಹಿಡಿದೆ. ರಂಗನಾಥ್ ಸಾರ್ ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲೇ ಸರಿಮಾಡಿಕೊಂಡೆ. ನಕಲಿ ಮಾಲು ಅಸಲಿಗಿಂತ ಸ್ವಲ್ಪ ಹೊಳೆಯಬೇಕು ಎಂಬ ನಂಬಿಕೆ ನನ್ನದು, ಹಾಗಾಗಿ ಒಂದಿಷ್ಟು ತುಪ್ಪವನ್ನೂ ಸವರಿದೆ.

"ಪಿಳ್ಳಪ್ಪನವರೇ, ನಾನು ರಂಗನಾಥ್ ಮಾತಾಡ್ತಿರೋದು. ಪಾಯಿಂಟ್ ಏನಂದ್ರೆ, ಸೋಮವಾರ ಹೆಡ್ ಆಫೀಸಿಂದ ಇನ್ಸ್‌ಪೆಕ್ಷನ್ ಇದೆ. ಆ ಎರಡನೇ ಬೆಡ್ ಮೇಲೆ ಪಾಚಿ-ಗೀಚಿ ಒಂದೂ ಕಾಣಬಾರದು. ನೀರು ಇಳಿಸಿ, ಬ್ಲೀಚಿಂಗ್ ಪೌಡರ್ ಹೊಡೆದು, ತಳದ ತನಕ ಬೆಳ್ಳಗೆ ಮಾಡಿಬಿಡಿ. ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೀನಿ."

ನಾನು ಉಸಿರು ಬಿಗಿಹಿಡಿದು ಬೈಗುಳಕ್ಕೆ ಕಾದೆ. ಆ ಕಡೆ ಮಳೆಯ ಸದ್ದು, ಪಂಪಿನ ಸದ್ದು. ಆಮೇಲೆ ಪಿಳ್ಳಪ್ಪನ ದನಿ, ತುಂಬ ಮೆತ್ತಗೆ.

"ಆಯ್ತು ಸಾರ್."

ಫೋನ್ ಇಟ್ಟ.

ಆಗ ನಾನು ಓಡಿಹೋಗಿ ಹೇಳಬೇಕಿತ್ತು. ನಾನೇನು ಮಾಡಿದೆ ಗೊತ್ತೇ? ನಕ್ಕೆ. ಮುದುಕ ನನ್ನನ್ನು ಪತ್ತೆಹಚ್ಚಿದ್ದಾನೆ, ಅದಕ್ಕೇ ಹೀಗೆ ಅಂದು ನನ್ನನ್ನೇ ಆಡಿಸುತ್ತಿದ್ದಾನೆ ಅಂದುಕೊಂಡೆ. ಕೆನೆಗೆ ಬ್ಲೀಚಿಂಗ್ ಹಾಕುವ ಪಿಳ್ಳಪ್ಪ ಈ ಭೂಮಿ ಮೇಲಿಲ್ಲ ಎಂದು ಬಸ್ ಹತ್ತಿದೆ. ಅತ್ತಿಬೆಲೆಯಲ್ಲಿ ಶನಿವಾರ ಸಂಜೆ ಅವನ ದನಿಯಲ್ಲಿ, "ಕೊಚ್ಚೆ ಅಲ್ಲ ಕಣಪ್ಪ, ಕೆನೆ" ಅಂದಾಗ ಬಿದ್ದ ಚಪ್ಪಾಳೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದೇ ಹೊತ್ತಿಗೆ ಅವನು ಕಾಲೊನಿಯಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಪೌಡರ್ ಕದಡಿದ ನೀರನ್ನು ಬಕೆಟ್ ಬಕೆಟ್ ಹೊತ್ತು ಸುರಿಯುತ್ತಿದ್ದ.

ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಆ ಘಾಟು ಸಿಕ್ಕಿತು. ಎರಡನೇ ಬೆಡ್ ಹಪ್ಪಳ ಒಣಗಿಸಿದ ಅಂಗಳದ ಹಾಗೆ ಬೆಳ್ಳಗಿತ್ತು. ನೀರಿನ ಮೇಲೆ ಸುಳಿದಾಡುತ್ತಿದ್ದ ಏರೋಪ್ಲೇನ್ ಚಿಟ್ಟೆಗಳು ಒಂದೂ ಇರಲಿಲ್ಲ. ಪಿಳ್ಳಪ್ಪ ಬೆಡ್ಡಿನ ನಡುವೆ ಬರಿಗಾಲಲ್ಲಿ ನಿಂತಿದ್ದ.

"ಸಾಹೇಬ್ರು ಏಳಿದ್ರು ಕಣಪ್ಪ, ಮಾಡ್ದೆ" ಎಂದ. ಎರಡು ಹೆಜ್ಜೆ ಇಟ್ಟ. ಕರಕರ ಸದ್ದಾಯಿತು. "ಕೇಳ್ತಾ? ಜೀವ ಇದ್ದಾಗ ಈ ಮರಳು ಸದ್ದು ಮಾಡ್ತಿರ್ನಿಲ್ಲ."

ನಾನು ಲ್ಯಾಬಿಗೆ ಹೋಗಿ ಬಾಟಲಿ ತೊಳೆಯತೊಡಗಿದೆ. ಆ ದಿನ ಇನ್ಸ್‌ಪೆಕ್ಷನ್ನಿಗೆ ಯಾರೂ ಬರಲಿಲ್ಲ. ಅವನು ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಂಜೆವರೆಗೆ ಗೇಟಿನ ಕಡೆ ನೋಡುತ್ತಿದ್ದ.

ಮಂಗಳವಾರ ನೀಲಾ ಮೇಡಂ ಬಂದರು. ಕಟ್ಟೆಯ ಮೇಲೆ ನಿಂತು ನೋಡಿ, ಐಸ್ ಪೆಟ್ಟಿಗೆ ಕೆಳಗಿಟ್ಟರು. "ಯಾರ ಮಾಡಿದ್ರು ಇದನ್ನ?"

"ನಾನೇ ಮೇಡಂ" ಎಂದ ಪಿಳ್ಳಪ್ಪ. "ಮೇಲಿಂದ ಆರ್ಡರ್ ಆಯ್ತು."

"ಹೆಪ್ಪು ಐತೇನು ಕಾಕಾ, ಒಂದು ಬಾಂಡ್ಲಿ?"

"ಒಂದನೇದು ಒಡ್ದೋಗೈತಲ್ಲ ಮೇಡಂ. ಎಲ್ಲಿಂದ ತರ್ಲಿ."

ಅವರು ಬೈಯಲಿಲ್ಲ. ಚಪ್ಪಲಿ ಬಿಟ್ಟು ಇಳಿದು, ಅದೇ ಸತ್ತ ಮರಳಿಗೆ ಕೊಳವೆ ಚುಚ್ಚಿ, ಒಂದೊಂದೇ ಸೀಸೆಗೆ ತುಂಬಿದರು. ಮೊದಲ ಸಲದ ಮರಳೆಲ್ಲ ಪರೀಕ್ಷೆಗೆ ಖರ್ಚಾಗಿತ್ತು. ಆಮೇಲೂ ತಿಂಗಳುಗಟ್ಟಲೆ ಬಂದು ತೆಗೆದರು. ಮರಳಿಗೆ ಹೊಸಬರು ಬಂದಿದ್ದರು, ಹೆಸರಿರುವವರು, ಎಲ್ಲ ಊರಿನ ಎಲ್ಲ ಪೈಪುಗಳಲ್ಲೂ ಇರುವವರು. ಬೂದುಪಟ್ಟೆ ಮೊದಮೊದಲು ದಾರದಷ್ಟು ಕಂಡಿತು, ಕೊನೆಗೆ ಅದೂ ಇಲ್ಲ. "ಸತ್ತವರ ಗುರುತು ಸ್ವಲ್ಪ ದಿನ ಮರಳಾಗ ಇರ್ತೈತಿ" ಅಂದಿದ್ದರು. ಆ ದಾರದಷ್ಟು ಬೂದುಬಣ್ಣ ಅದೇ.

ಕ್ವಾರಿಯ ಕೆಂಪುನೀರು ಸತ್ತ ಮರಳನ್ನು ದಾಟಿ ನಲ್ಲಿಗಳಲ್ಲಿ ಬಂತು. ನನ್ನ ಬಾಟಲಿಗಳು ಸಾಲಾಗಿ ಕಪ್ಪಾದವು. ಕಾಲೊನಿಗೆ ಟ್ಯಾಂಕರ್ ಬಂತು, ಬಕೆಟ್ ಹಿಡಿದ ಹೆಂಗಸರು ಪಿಳ್ಳಪ್ಪನಿಗೆ ಬಾಯಿಗೆ ಬಂದದ್ದು ಅಂದರು. ನನ್ನಮ್ಮ ನಲ್ಲಿಗೆ ಬಿಳಿಬಟ್ಟೆ ಕಟ್ಟುತ್ತ, "ಪಾಪ, ಆ ಮನುಷ್ಯನಿಗೆ ವಯಸ್ಸಾಯ್ತು ಕಣೋ, ತಲೆ ನಿಲ್ತಿಲ್ಲ" ಅಂದಳು. ನಾನು ಊಟ ಮಾಡುತ್ತಿದ್ದೆ. ಊಟ ಮುಗಿಸಿದೆ.

ವಿಚಾರಣೆ ಎಸ್ಟೇಟ್ ಆಫೀಸಿನಲ್ಲಿ ನಡೆಯಿತು. ಲ್ಯಾಬಿನ ಪರವಾಗಿ ಕಪ್ಪು ಬಾಟಲಿ ಹಿಡಿದುಕೊಂಡು ನಾನೂ ನಿಂತಿದ್ದೆ. ಜೇಬಿನಲ್ಲಿ ಮೊಬೈಲು, ಮೊಬೈಲಿನಲ್ಲಿ ನಲವತ್ತು ಸೆಕೆಂಡು.

"ಏಯ್ ಪಿಳ್ಳ, ನಾನ್ಯಾವಾಗ ಫೋನ್ ಮಾಡಿದ್ನೋ ನಿಂಗೆ?"

"ಮಾಡಿದ್ರಿ ಸಾರ್. ನಿಮ್ಮ ದನಿ ನಂಗೊತ್ತಿಲ್ವಾ."

"ಕುಡಿದಿದ್ಯೇನೋ?"

ಪಿಳ್ಳಪ್ಪ ಸಾಹೇಬರ ಮುಖವನ್ನು ನೋಡುತ್ತ ನಿಂತ. ಮಾಡಿದ್ದನ್ನು ಮಾಡಿಲ್ಲ ಅನ್ನುವ ದೊಡ್ಡ ಮನುಷ್ಯರನ್ನು ಅವನು ಆ ಮೊದಲೂ ಕಂಡಿರಬೇಕು. ರಂಗನಾಥ್ ಸಾರ್ ನನ್ನ ಕಡೆ ತಿರುಗಿ, "ಚೇತನ್, ನಿಂಗೇನಾದ್ರೂ ಗೊತ್ತೇನಪ್ಪಾ?" ಎಂದರು.

"ಇಲ್ಲ ಸಾರ್."

ಅದೊಂದನ್ನು ನಾನು ನನ್ನ ಸ್ವಂತ ದನಿಯಲ್ಲಿ ಹೇಳಿದೆ.

ಪಿಳ್ಳಪ್ಪನ ಗುತ್ತಿಗೆ ನಿಂತಿತು. ವರ್ಷದೊಳಗೆ ಬೆಡ್ಡುಗಳನ್ನು ಒಡೆದು ಮೆಷಿನ್ ಪ್ಲಾಂಟ್ ಹಾಕಿದರು. ಹೋಗುವ ದಿನ ಅವನು ನನ್ನ ಕೋಣೆಗೆ ಬಂದು, "ಬಾಟ್ಲಿ ಸರ್ಯಾಗಿ ನೋಡ್ಕಳಪ್ಪ" ಅಂದು ಹೋದ. ಆವತ್ತಿನಿಂದ ರಂಗನಾಥ್ ಸಾರ್ ದನಿ ನನಗೆ ಬರುವುದಿಲ್ಲ. ಗಂಟಲು ಸರಿಮಾಡಿಕೊಂಡರೆ ಸಾಕು, ಒಳಗಿಂದ ಮೆತ್ತಗೆ "ಆಯ್ತು ಸಾರ್" ಅಂತ ಬರುತ್ತದೆ. ಮಿಮಿಕ್ರಿ ಬಿಟ್ಟೆ. ಮೊಬೈಲು ಮೂರು ಬದಲಾದವು. ಆ ನಲವತ್ತು ಸೆಕೆಂಡನ್ನು ಅಳಿಸಲೂ ಇಲ್ಲ, ಕೇಳಲೂ ಇಲ್ಲ, ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತ ಬಂದೆ. ಕಟ್ಟಡ ಕೆಲಸದ ಜಾಗದಲ್ಲಿ ಮರಳಿನ ಮೇಲೆ ಯಾರಾದರೂ ನಡೆದರೆ ರಸ್ತೆಯ ಆ ಬದಿಗೆ ಹೋಗಿಬಿಡುತ್ತೇನೆ.

ಸಂಪು ತೊಳೆದ ಸಂಜೆ ನೀಲಾ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೇರೆ ಕಡೆಯ ಮರಳಿನ ಮೇಲೆ ಪಿಎಚ್.ಡಿ. ಮುಗಿಸಿದ್ದಾರೆ. ಎರಡನೇ ಬೆಡ್ಡಿನ ಬೂದುಪಟ್ಟೆಗೆ ಅದರಲ್ಲಿ ಒಂದೇ ವಾಕ್ಯ: ಒಂದು ಸಲ ಕಂಡಿತು, ಮತ್ತೆ ಕಾಣಲಿಲ್ಲ.

"ನನಗ ಹೇಳಿ ಏನ ಮಾಡ್ತಿ" ಅಂದರು ಮೇಡಂ. "ಕಾಕಾಗ ಹೇಳು."

ಭಾನುವಾರ ಮೆಟ್ರೊ ಹಿಡಿದು, ಬಸ್ಸು ಬದಲಿಸಿ ಮಾದನಾಯಕನಹಳ್ಳಿಗೆ ಹೋದೆ. ಪಿಳ್ಳಪ್ಪ ಅಲ್ಲೊಂದು ಗೋಡೌನಿನ ಗೇಟಿನಲ್ಲಿ ಸೆಕ್ಯುರಿಟಿ. ತೋಳು ಉದ್ದವಾದ ನೀಲಿ ಯೂನಿಫಾರ್ಮು, ಪ್ಲಾಸ್ಟಿಕ್ ಕುರ್ಚಿ. ನನ್ನನ್ನು ನೋಡಿ ಎದ್ದು ನಿಂತ. "ಓಹೋ, ಬಾರಪ್ಪ. ಯಾರ್ ದನೀಲಿ ಮಾತಾಡ್ತೀಯ ಇವತ್ತು?" ಎಂದು ಕ್ಯಾನಿನಿಂದ ಒಂದು ಲೋಟ ನೀರು ಹಿಡಿದು ಕೊಟ್ಟ. "ಕುಡಿ. ರುಚಿ-ಗಿಚಿ ಏನಿಲ್ಲ, ನೀರು ಅಷ್ಟೆ."

ಕುಡಿದೆ. ಆಮೇಲೆ ಹೇಳಿದೆ. ಹೇಳಲಾಗದೆ ಉಳಿದದ್ದಕ್ಕೆ ಮೊಬೈಲು ತೆಗೆದು ಒತ್ತಿದೆ. ಗಂಟಲು ಸರಿಮಾಡಿಕೊಂಡ ಸದ್ದು, ಪಿಳ್ಳಪ್ಪನವರೇ, ಪಾಯಿಂಟ್ ಏನಂದ್ರೆ, ಮಳೆ, ಪಂಪು, ಆಯ್ತು ಸಾರ್. ಅವನು ತಲೆ ಬಗ್ಗಿಸಿ ಕೇಳಿದ. ಒಂದು ಲಾರಿ ಬಂತು, ಎದ್ದು ಗೇಟು ತೆರೆದು, ಹಾಕಿ, ಬಂದು ಕೂತ.

"ಇನ್ನೊಂದ್ಸಲ ಆಕು."

ಹಾಕಿದೆ. ಮೊದಲ ಮಾತು ಮುಗಿಯುತ್ತಲೇ ಕೈಯೆತ್ತಿ ನಿಲ್ಲಿಸಿದ.

"ಇದನ್ನ ಆಫೀಸಿಗೆ ತಗೊಂಡೋಗಿ ಕೇಳಿಸ್ತೀನಿ ಪಿಳ್ಳಣ್ಣ" ಅಂದೆ. "ತಪ್ಪು ನಿಮ್ಮದಲ್ಲ ಅಂತ ಬರೆಸಿ ತರ್ತೀನಿ. ಒಂದು ಮಾತ್ರ ನಂಗೆ ಇವತ್ತಿಗೂ ಅರ್ಥ ಆಗ್ಲಿಲ್ಲ. ಕೆನೆಗೆ ಬಕೆಟ್ ತಾಗಿದ್ರೇ ಕುಣಿದಾಡ್ತಿದ್ದೋರು ನೀವು. ಅವತ್ತು ಯಾಕೆ ಬೈಲಿಲ್ಲ? ಯಾಕೆ ಆಗಲ್ಲ ಅನ್ಲಿಲ್ಲ?"

ಅವನು ನನ್ನ ಕೈಯಿಂದ ಖಾಲಿ ಲೋಟ ತಗೊಂಡು ಕ್ಯಾನಿನ ಮೇಲೆ ಬೋರಲು ಹಾಕಿದ.

"ಇಪ್ಪತ್ತಾರು ವರ್ಸದಾಗೆ ಆವಯ್ಯ ನನ್ನ ಪಿಳ್ಳಪ್ಪನವರೇ ಅಂದಿದ್ದು ಅದೊಂದೇ ಸಲ ಕಣಪ್ಪ. ಆಗಲ್ಲ ಅನ್ನಾಕೆ ಬಾಯಿ ಬರ್ನಿಲ್ಲ. ಈಗ ಅದೂ ಆವಯ್ಯ ಅಂದಿದ್ದಲ್ಲ ಅಂತ ಏಳಾಕೆ ಇಷ್ಟು ದೂರ ಬಂದ್ಯಾ?"